ಕದ ತಟ್ಟಬೇಡಿ

ನಮ್ಮ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಯಾರೂ ಮಿಕ್ಸಿ ಹಾಕುವುದಿಲ್ಲ. ಟಿ. ದಾಸರಹಳ್ಳಿಯ ಈ ಓಣಿಯಲ್ಲಿ ಬಾಡಿಗೆಗೆ ಇರುವವರಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟ್ ಮೇಲೆ ದುಡಿಯುವವರು. ರಾತ್ರಿ ಹತ್ತಕ್ಕೆ ಹೋಗಿ ಬೆಳಿಗ್ಗೆ ಆರಕ್ಕೆ ಬಿಡುವ ಥರ್ಡ್ ಶಿಫ್ಟಿನವರು ಹಗಲು ಮಲಗುತ್ತಾರೆ. ಅವರು ಏಳುವವರೆಗೆ ಉಳಿದವರು ಬಕೆಟ್ಟನ್ನೂ ಮೆಲ್ಲಗೆ ಇಡುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ ಇದು. ಆದರೆ ಮನೆ ಓನರ್ ನಂಜಮ್ಮ ಇದನ್ನು ಪೊಲೀಸರಂತೆ ಕಾಯುತ್ತಾರೆ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ಅವರದೇ ರಾಗಿ ಹೊಲ ಇತ್ತಂತೆ. ಈಗ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ತರಕಾರಿ ಗಾಡಿಯವನು ಬಂದರೆ, "ಆಚೆ ಓಗಿ ಕೂಗ್ಕಳಯ್ಯ, ಇಲ್ಲಿ ಉಡುಗ್ರು ಮಲ್ಗವ್ರೆ" ಎಂದು ಅಟ್ಟುತ್ತಾರೆ.

ನಮ್ಮ ಬಾಗಿಲಿಗೂ ಒಂದು ಬೋರ್ಡ್ ಇತ್ತು. ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ನಾನೇ ಮಾರ್ಕರಿನಲ್ಲಿ ಬರೆದದ್ದು: "ಥರ್ಡ್ ಶಿಫ್ಟ್. ಮಲಗಿದ್ದಾರೆ. ಕದ ತಟ್ಟಬೇಡಿ." ಗಂಡನ ಮೇಲಿನ ಅಕ್ಕರೆಗೆ ಬರೆದ ಆ ಮೂರು ಸಾಲು ಅವರನ್ನು ಕೊಲ್ಲುವುದರಲ್ಲಿತ್ತು.

ಇದಾಗಿ ಈಗ ಒಂಬತ್ತು ತಿಂಗಳು. ಲೋಕೇಶ್ ಬದುಕಿದ್ದಾರೆ, ಕೆಲಸಕ್ಕೆ ಹೋಗುತ್ತಾರೆ, ಸಾಂಬಾರಿಗೆ ಉಪ್ಪು ಕಡಿಮೆಯಾದರೆ ಕೂಗಾಡುತ್ತಾರೆ. ಆದರೂ ದಿನಕ್ಕೊಂದು ಸಲವಾದರೂ ಆ ಮಂಗಳವಾರದ ಬೆಳಗು ನನ್ನ ತಲೆಯೊಳಗೆ ಮೊದಲಿನಿಂದ ಶುರುವಾಗುತ್ತದೆ. ಎಲ್ಲಿ ನಿಲ್ಲಿಸಬಹುದಿತ್ತು, ಯಾವ ಮಾತಿಗೆ ನಾನು ತಿರುಗಿ ನೋಡಬೇಕಿತ್ತು ಎಂದು ಹುಡುಕುತ್ತೇನೆ. ಇದೇ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು, ಯಾರಿಗೆ ಹೇಳುವುದೆಂದು ತಿಳಿಯದೆ ಆಸ್ಪತ್ರೆಯ ಕಾರಿಡಾರಿನಲ್ಲಿ ಟೋಕನ್ ಹಿಡಿದು ಕೂತಿರುವ ಇನ್ನೊಬ್ಬಳು ಎಲ್ಲೋ ಇರುತ್ತಾಳೆ. ಅವಳಿಗೆ ತಲುಪಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ನಿದ್ದೆಯಿಂದಲೇ. ಲೋಕೇಶ್ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಸೆಟ್ಟರ್ ಆಗಿದ್ದರು. ಹೊಸ ಬಿಡಿಭಾಗ ಬಂದಾಗ ಯಂತ್ರವನ್ನು ಅದಕ್ಕೆ ಹೊಂದಿಸಿ, ಮೊದಲ ಪೀಸು ಸರಿಯಾಗಿ ಬರುವವರೆಗೆ ನಿಂತು ನೋಡುವ ಕೆಲಸ. ಹನ್ನೊಂದು ವರ್ಷ ಅದರಲ್ಲೇ ಇದ್ದವರು. ಮನೆಗೆ ಬಂದರೆ ಮಗಳು ಚಿನ್ಮಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆರೇಸಿಗೆ ಹತ್ತುತ್ತಿದ್ದರು. ಅಂಥವರು ಒಂದು ವರ್ಷದ ಅವಧಿಯಲ್ಲಿ ನಿಧಾನವಾಗಿ ಆರಿಹೋದರು. ಊಟ ಮಾಡುತ್ತಲೇ ತೂಕಡಿಸುವುದು. ಹತ್ತು ಗಂಟೆ ಮಲಗಿ ಎದ್ದರೂ ಮುಖದಲ್ಲಿ ದಣಿವು. ಮಾತಾಡಿಸಿದರೆ, "ಸುಮ್ನಿರೆ ಸವಿತಾ, ಏನೂ ಇಲ್ಲ" ಅನ್ನುವುದು. ನನ್ನ ಪಕ್ಕ ಮಲಗಿದ್ದರೂ ಬೇರೆ ಊರಲ್ಲಿರುವವರಂತೆ ಇರುತ್ತಿದ್ದರು. ಬೇರೆ ಯಾರೋ ಇದ್ದಾಳೇನೋ ಎಂದು ಅವರ ಫೋನನ್ನೂ ತೆಗೆದು ನೋಡಿದ್ದೇನೆ. ಅದರಲ್ಲಿ ಇದ್ದದ್ದು ಯಂತ್ರದ ಬಿಡಿಭಾಗಗಳ ಫೋಟೊ, ನಮ್ಮ ಮಗಳ ಫೋಟೊ.

ಮೊದಲ ಸುಳಿವು ಕೊಟ್ಟದ್ದು ಸಲೂನಿನವನು. "ಏನ್ ಗುರು, ಗಡ್ಡಾನೇ ಬೆಳೀತಿಲ್ವಲ್ಲ, ನನ್ ವ್ಯಾಪಾರಕ್ಕೆ ಕಲ್ಲು ಹಾಕ್ತಿದ್ಯಲ್ಲ" ಎಂದು ನಕ್ಕಿದ್ದನಂತೆ. ಲೋಕೇಶ್ ಮನೆಗೆ ಬಂದು ಅದನ್ನು ಜೋಕಿನಂತೆ ಹೇಳಿದರು, ನಾವಿಬ್ಬರೂ ನಕ್ಕೆವು. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಬೈಕಿನಲ್ಲಿ ಪಕ್ಕದಿಂದ ಬಂದ ಆಟೋ ಕಾಣಲಿಲ್ಲ ಎಂದರು. ಕಾರ್ಖಾನೆಯಲ್ಲಿ ಟ್ರಾಲಿಗೆ ಎರಡು ಸಲ ಗುದ್ದಿದಾಗ ಸೂಪರ್ವೈಸರ್, "ಕುಡಿದು ಬರ್ತೀಯೇನೋ" ಎಂದು ಕೇಳಿದ. ನಂಜಮ್ಮನೂ ನನ್ನನ್ನು ಕರೆದು, "ಸಂಜೆ ಒತ್ತು ಎಲ್ಲಾರ ಓಯ್ತಾನೇನವ್ವ ನಿನ್ ಗಂಡ? ಗ್ವಾಡೆ ಇಡ್ಕಂಡು ಬತ್ತಾನೆ" ಎಂದರು. ನನಗೆ ಅವಮಾನವಾಯಿತು. ಕುಡಿಯದ ಗಂಡನ ಮೇಲೆ ಸಿಟ್ಟೂ ಬಂತು.

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸಿದರು. ಕೈಯಲ್ಲಿ ಒಂದು ಬಟನ್ನು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಒತ್ತಬೇಕು. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಸ್ವಲ್ಪ ಹೊತ್ತಿಗೆ, "ಸಾರ್, ಚುಕ್ಕೆ ಕಂಡಾಗ ಒತ್ತಿ" ಎಂದಳು. "ಬಂದ್ರೆ ತಾನೆ ಒತ್ತೋದು?" ಎಂದರು ಲೋಕೇಶ್. ಹಿಂದೆ ನಿಂತಿದ್ದ ನನಗೆ ಅವಳ ಪರದೆ ಕಾಣುತ್ತಿತ್ತು. ಚುಕ್ಕೆಗಳು ಬಂದು ಹೋಗುತ್ತಲೇ ಇದ್ದವು. ಅಚ್ಚಾಗಿ ಬಂದ ಹಾಳೆಯಲ್ಲಿ ಎರಡೂ ಕಣ್ಣಿನ ಹೊರಗಿನ ಅರ್ಧ ಕಪ್ಪಾಗಿತ್ತು. ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿದಂತೆ ನನ್ನ ಗಂಡ ಎಷ್ಟು ತಿಂಗಳಿಂದ ತುಮಕೂರು ರಸ್ತೆಯಲ್ಲಿ ಬೈಕ್ ಓಡಿಸಿದ್ದರೋ.

ಸ್ಕ್ಯಾನ್ ಆಯಿತು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಕ್ಯಾನ್ಸರ್ ಅಲ್ಲ ಎಂದರು. ಅದು ಕಣ್ಣಿನ ನರವನ್ನು ಒತ್ತುತ್ತಿತ್ತು, ಜೊತೆಗೆ ದೇಹಕ್ಕೆ ಬೇಕಾದ ಹಾರ್ಮೋನುಗಳನ್ನು ಒಂದೊಂದಾಗಿ ನಿಲ್ಲಿಸಿತ್ತು. ನಿದ್ದೆ, ಸಪ್ಪೆ ಮುಖ, ಗಡ್ಡ, ನಮ್ಮ ನಡುವಿನ ಮೌನ, ಎಲ್ಲವೂ ಅಲ್ಲಿಂದ ಬಂದದ್ದೇ ಇರಬಹುದು ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಹೇಳಲು ನಾಚಿಕೆಯಾಗುತ್ತದೆ. ಗಂಡನ ತಲೆಯಲ್ಲಿ ಗಡ್ಡೆ ಇದೆ ಎಂದು ಕೇಳಿ, ಸದ್ಯ ನನ್ನ ಮೇಲೆ ಬೇಸರವಾಗಿದ್ದಲ್ಲವಲ್ಲ ಎಂದುಕೊಂಡೆ.

ಆಪರೇಷನ್ ಮೂಗಿನ ಮೂಲಕ. "ಅಪ್ಪನ ಮೂಗಿಂದ ತಲೆಗೆ ದಾರಿ ಇದ್ಯಾ?" ಎಂದು ಚಿನ್ಮಯಿ ಕೇಳಿದಳು. ಎರಡನೇ ಕ್ಲಾಸು ಅವಳು. "ಇದೆ ಕಣೆ, ಒನ್ ವೇ" ಎಂದರು ಲೋಕೇಶ್. ಬಹಳ ತಿಂಗಳ ಮೇಲೆ ಅವರ ಬಾಯಿಂದ ಬಂದ ತಮಾಷೆ ಅದು. ಆಪರೇಷನ್ ದಿನ ಥಿಯೇಟರಿನ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಆರು ಗಂಟೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಯಾರೋ, ಯಾವ ಊರೋ, ನನ್ನನ್ನು ಏನೂ ಕೇಳದೆ ಒಂದು ಇಡ್ಲಿ ಪೊಟ್ಟಣ ನನ್ನ ತೊಡೆಯ ಮೇಲಿಟ್ಟು ಎದ್ದುಹೋದಳು. ಆ ಇಡ್ಲಿಯ ಋಣ ತೀರಿಸಲು ಅವಳ ಹೆಸರೂ ನನಗೆ ಗೊತ್ತಿಲ್ಲ.

ಗಡ್ಡೆ ಬಹುಪಾಲು ಹೋಯಿತು. ಕಣ್ಣಿನ ಎರಡೂ ಬದಿಯ ಕತ್ತಲೆ ಸರಿಯತೊಡಗಿತು. ಆದರೆ ಗ್ರಂಥಿ ಮೊದಲಿನಂತೆ ಕೆಲಸ ಮಾಡಲಿಲ್ಲ. ಅದು ಮಾಡಬೇಕಾದದ್ದನ್ನು ಇನ್ನು ಮಾತ್ರೆ ಮಾಡಬೇಕಿತ್ತು, ಬಹುಶಃ ಜೀವನವಿಡೀ. ಅದರಲ್ಲಿ ಒಂದು ಸ್ಟೀರಾಯ್ಡ್. ಹಾರ್ಮೋನಿನ ಡಾಕ್ಟರು, ನಲವತ್ತರ ಆಸುಪಾಸಿನ ಗಟ್ಟಿ ದನಿಯ ಹೆಂಗಸು, ನಮ್ಮಿಬ್ಬರ ಕೈಯಲ್ಲೂ ಮೂರು ಸಲ ಹೇಳಿಸಿದರು: ಬೆಳಿಗ್ಗೆ ಎದ್ದ ತಕ್ಷಣ ಒಂದು, ಮಧ್ಯಾಹ್ನ ಅರ್ಧ, ಸಂಜೆ ನಾಲ್ಕಕ್ಕೆ ಅರ್ಧ. ಅದಕ್ಕಿಂತ ತಡವಾದರೆ ರಾತ್ರಿ ನಿದ್ದೆ ಬರುವುದಿಲ್ಲ. ಯಾವತ್ತೂ ತಪ್ಪಿಸುವ ಹಾಗಿಲ್ಲ, ತಪ್ಪಿದರೆ ಬಿಪಿ ಬಿದ್ದು, ಮೈ ತಣ್ಣಗಾಗಿ, ಎಚ್ಚರ ತಪ್ಪಿ ಜೀವಕ್ಕೇ ಅಪಾಯ. ಜ್ವರ ಬಂದರೆ ಜಾಸ್ತಿ ಬೇಕು. ವಾಂತಿಯಾದರೆ ಕಾಯದೆ ಇಂಜೆಕ್ಷನ್, ಆಸ್ಪತ್ರೆ. ಇಂಜೆಕ್ಷನ್ನಿನ ಸೀಸೆಯೊಂದನ್ನು ಮನೆಯಲ್ಲಿಡಲು ಬರೆದುಕೊಟ್ಟರು, ಪರ್ಸಿನಲ್ಲಿಡಲು ಇದನ್ನೆಲ್ಲ ಬರೆದ ಒಂದು ಕಾರ್ಡ್ ಕೊಟ್ಟರು.

ಮನೆಗೆ ಬಂದ ಮೇಲೆ ನಿದ್ದೆ ತಿರುವು ಮುರುವಾಯಿತು. ಮೊದಲು ಏಳದ ಮನುಷ್ಯ ಈಗ ಮಲಗುತ್ತಿರಲಿಲ್ಲ. ಹಾಸಿಗೆಯಲ್ಲಿ ಹೊರಳುವುದು, ಎದ್ದು ಕೂರುವುದು, ಮಧ್ಯಾಹ್ನ ಚಿಕ್ಕದಕ್ಕೆಲ್ಲ ರೇಗುವುದು. ಚಿನ್ಮಯಿ ಪೆನ್ಸಿಲ್ ಬೀಳಿಸಿದಳೆಂದು ಒಂದು ದಿನ ತಟ್ಟೆ ಎಸೆದರು. ಆಮೇಲೆ ಅದೇ ತಟ್ಟೆ ಎತ್ತಿಕೊಂಡು ಅಡುಗೆಮನೆಯಲ್ಲಿ ಅತ್ತರು. "ನಾನು ನಾನಾಗಿಲ್ಲ ಕಣೆ" ಎಂದರು. ಮಗಳು ಅಪ್ಪನ ಮುಂದೆ ಬೆಕ್ಕಿನಂತೆ ನಡೆಯುವುದನ್ನು ಕಲಿತಳು. ನಾನು ನಿದ್ದೆಯನ್ನು ಕಾಯುವುದನ್ನು ಕಲಿತೆ. ಅವರು ಎರಡು ಗಂಟೆ ಮಲಗಿದರೂ ನನಗೆ ಹಬ್ಬ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಮಾಡಿದ ತಪ್ಪಿನ ಬೇರು ಇಲ್ಲೇ ಇದೆ.

ಕೆಲಸಕ್ಕೆ ಮರಳಲು ಕಾರ್ಖಾನೆ ಫಿಟ್ನೆಸ್ ಸರ್ಟಿಫಿಕೇಟ್ ಕೇಳಿತು. ಮೂರೂ ಶಿಫ್ಟಿಗೆ ಆಗುವವರಾದರೆ ಮಾತ್ರ ಸೆಟ್ಟರ್, ಇಲ್ಲದಿದ್ದರೆ ನೋಡೋಣ ಎಂದರು. ಆ "ನೋಡೋಣ" ಲೋಕೇಶ್ ಎದೆಗೆ ಚುಚ್ಚಿತು. ಡಾಕ್ಟರು ಫಾರಂ ತುಂಬುತ್ತ, "ಶಿಫ್ಟ್ ಡ್ಯೂಟಿನಾ?" ಎಂದು ಕೇಳಿದರು.

"ಇಲ್ಲ ಮೇಡಂ, ಜನರಲ್" ಎಂದರು ಲೋಕೇಶ್. ಮೇಜಿನ ಕೆಳಗೆ ಅವರ ಕಾಲು ನನ್ನ ಕಾಲನ್ನು ಒತ್ತಿತು.

ನಾನು ಬಿ.ಎಸ್ಸಿ. ಓದಿದವಳು. ಪೀಣ್ಯದಲ್ಲೇ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಕಂಪನಿಯ ಲ್ಯಾಬಿನಲ್ಲಿ ಕೆಲಸ. ನಿಕಲ್ ದ್ರಾವಣದ ಪರೀಕ್ಷೆಯಲ್ಲಿ ಒಂದು ಹನಿ ಹೆಚ್ಚಾದರೂ ಚೆಲ್ಲಿ ಮೊದಲಿನಿಂದ ಮಾಡುವವಳು. ಅಂಥ ನಾನು ಅವತ್ತು ಡಾಕ್ಟರ ಮುಖ ನೋಡಿ ಸುಮ್ಮನೆ ಕೂತಿದ್ದೆ.

ಥರ್ಡ್ ಶಿಫ್ಟಿನ ವಾರ ಬಂದಾಗ ಹೊಸ ತಲೆನೋವು. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು "ಬೆಳಗಿನ ಮಾತ್ರೆ" ತಿಂದರೆ ಹಗಲಿನ ನಿದ್ದೆ ಹಾಳು. ಹಾಗಾಗಿ ನಾನೇ ಒಂದು ಚಾರ್ಟ್ ಮಾಡಿದೆ. ಮಧ್ಯಾಹ್ನ ಮೂರಕ್ಕೆ ಎದ್ದಾಗ ಒಂದು, ರಾತ್ರಿ ಎಂಟಕ್ಕೆ ಅರ್ಧ, ಡ್ಯೂಟಿಯಲ್ಲಿ ಹನ್ನೆರಡರ ಟೀ ಹೊತ್ತಿಗೆ ಅರ್ಧ. ಫ್ರಿಜ್ಜಿಗೆ ಅಂಟಿಸಿ ಹೆಮ್ಮೆಯಿಂದ ನೋಡಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೊರಬರುತ್ತಿತ್ತಲ್ಲ. ಬಾಗಿಲಿಗೆ ಬೋರ್ಡ್ ಹಾಕಿದ್ದೂ ಅದೇ ವಾರ. ಮೊದಲ ಎರಡು ಥರ್ಡ್ ಶಿಫ್ಟ್ ವಾರಗಳು ಏನೂ ಆಗದೆ ಕಳೆದವು.

ಮೂರನೆಯ ಸಲ ಥರ್ಡ್ ಶಿಫ್ಟ್ ಬಂದ ವಾರದ ಮಂಗಳವಾರ. ಲೋಕೇಶ್ ಬೆಳಿಗ್ಗೆ ಏಳಕ್ಕೆ ಬಂದರು. ಮುಖ ಬಿಳಿಚಿತ್ತು. "ಕ್ಯಾಂಟೀನ್ ಊಟ ಸರಿ ಇರ್ಲಿಲ್ಲ. ಹೊಟ್ಟೆ ಒಂಥರಾ" ಎಂದರು. ವಾಂತಿಯಾಯಿತಾ ಎಂದು ಕೇಳಿದೆ. "ಸ್ವಲ್ಪ. ಈಗ ಇಲ್ಲ." ಹನ್ನೆರಡರ ಮಾತ್ರೆ? "ತಗೊಂಡೆ." ಆ ಮಾತ್ರೆ ವಾಂತಿಯಲ್ಲಿ ಹೋಗಿತ್ತು, ಒಂದಲ್ಲ ನಾಲ್ಕು ಸಲ ವಾಂತಿಯಾಗಿತ್ತು ಎಂದು ಆಮೇಲೆ ತಿಳಿಯಿತು. ಮಧ್ಯದಲ್ಲಿ ಮನೆಗೆ ಹೊರಟರೆ ಅನ್‌ಫಿಟ್ ಅನ್ನುತ್ತಾರೆಂದು ಹೇಳದೆ ಯಂತ್ರದ ಮುಂದೆ ನಿಂತಿದ್ದರು. ಏಪ್ರಿಲ್ ಸೆಖೆಯಲ್ಲಿ ಸ್ವೆಟರ್ ಕೇಳಿದರು. ಕೊಟ್ಟೆ. ವಾಕರಿಕೆ ಎಂದು ಉಪ್ಪಿನಕಾಯಿ ಕೇಳಿದರು, ಒಂದು ಹೋಳು ಬಾಯಿಗಿಟ್ಟುಕೊಂಡರು. ಮಗಳ ಜಡೆ, ಡಬ್ಬಿ, ಸ್ಕೂಲ್ ವ್ಯಾನಿನ ಹಾರ್ನ್ ನಡುವೆ ಇದೆಲ್ಲ ನನ್ನ ಕಣ್ಣ ಮುಂದೆ ನಡೆಯಿತು.

ಎಂಟೂಕಾಲಕ್ಕೆ ನಾನು ಹೊರಡುವಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. "ರೀ, ಹೋಗ್ಬರ್ತೀನಿ. ಚಿಲಕ ಹಾಕ್ಕೊಳ್ಳಿ" ಎಂದೆ. ತೂರಾಡುತ್ತ ಎದ್ದು ಬಂದು ಹಾಕಿಕೊಂಡರು. "ಎಬ್ಬಿಸ್ಬೇಡ ಕಣೆ. ಸಕ್ಕತ್ ನಿದ್ದೆ ಬರ್ತಿದೆ" ಎಂದು ಒಳಗಿನಿಂದ ಕೇಳಿಸಿತು.

ನಾನು ಬಾಗಿಲಿಗೆ ಬೋರ್ಡ್ ನೇತುಹಾಕಿದೆ. ಸದ್ಯ, ಇವತ್ತು ನಿದ್ದೆ ಬಂತಲ್ಲ ಎಂದು ಖುಷಿಯಿಂದ ಮೆಟ್ಟಿಲಿಳಿದೆ. ಆ ಖುಷಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಹನ್ನೊಂದರ ಹೊತ್ತಿಗೆ. ಎಂಥ ನಿದ್ದೆಯಲ್ಲಿದ್ದರೂ ಕೊಳಾಯಿಯಲ್ಲಿ ಗಾಳಿ ಸಿಳ್ಳೆ ಹಾಕಿದ ತಕ್ಷಣ ಲೋಕೇಶ್ ಎದ್ದು, ಅರ್ಧ ಕಣ್ಣಿನಲ್ಲೇ ಬಾಗಿಲ ಹೊರಗಿನ ಡ್ರಮ್ ತುಂಬಿಸಿ ಮತ್ತೆ ಮಲಗುತ್ತಿದ್ದರು. ಯಾರೂ ಕರೆಯಬೇಕಿರಲಿಲ್ಲ. ಆ ಮಂಗಳವಾರ ನೀರಿನ ದಿನ.

ಹನ್ನೊಂದೂಮುಕ್ಕಾಲಿಗೆ ಲ್ಯಾಬಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ನಂಜಮ್ಮ.

"ಸವಿತಮ್ಮ, ನೀರ್ ಬಂದಿತ್ತು ಕಣವ್ವ. ನಿನ್ ಗಂಡ ಏಳ್ನಿಲ್ಲ. ಪಾಪ, ಸುಸ್ತಾಗದೆ ಅಂತ ನಾನೇ ನಿಮ್ ಡ್ರಮ್ ತುಂಬ್ಸಿವ್ನಿ. ಸಂಜೆ ಬಂದು ಗಾಬ್ರಿ ಬೀಳ್ಬ್ಯಾಡ."

ನನ್ನ ಕೈಯಲ್ಲಿದ್ದ, ದ್ರಾವಣ ಅಳೆಯುವ ಪಿಪೆಟ್ ಅಲ್ಲೇ ನಿಂತಿತು. ನೀರಿಗೆ ಏಳಲಿಲ್ಲ. ಸ್ವೆಟರ್. ಉಪ್ಪಿನಕಾಯಿ. "ಸ್ವಲ್ಪ" ವಾಂತಿ. ಡಾಕ್ಟರು ಮೂರು ಸಲ ಹೇಳಿಸಿದ್ದು ಆಗ ಒಂದೇ ಸಲಕ್ಕೆ ನೆನಪಾಯಿತು.

"ನಂಜಮ್ಮ, ಕದ ತಟ್ಟಿ."

"ಬೋರ್ಡ್ ಆಕಿದ್ಯಲ್ಲವ್ವ..."

"ಬೋರ್ಡ್ ಕಿತ್ತೆಸೀರಿ! ತಟ್ಟಿ! ಜೋರಾಗಿ ತಟ್ಟಿ!"

ಲ್ಯಾಬಿನಲ್ಲಿದ್ದವರು ತಿರುಗಿ ನೋಡಿದರು. ನಾನು ಆಗಲೇ ಗೇಟಿನತ್ತ ಓಡುತ್ತಿದ್ದೆ. ಫೋನಿನಲ್ಲಿ ಬಳೆಗಳ ಸದ್ದು, ಕದ ಬಡಿಯುವ ಸದ್ದು. "ಲೋಕೇಸ, ಏ ಲೋಕೇಸ! ಏಳಪ್ಪಾ!" ಮತ್ತೆ ಬಡಿತ. "ಉಸ್ರೇ ಇಲ್ಲ ಕಣವ್ವ ಒಳಗೆ" ಎಂದು ನಂಜಮ್ಮನ ದನಿ ಸಣ್ಣಗಾಯಿತು. ಅವರು ಹೇಳಿದ್ದು ಸದ್ದಿಲ್ಲ ಎಂಬ ಅರ್ಥದಲ್ಲಿ. ನನಗೆ ಕೇಳಿಸಿದ್ದು ಬೇರೆ.

ಆಟೋ ಹತ್ತಿದೆ. ಜಾಲಹಳ್ಳಿ ಕ್ರಾಸಿನಲ್ಲಿ ಲಾರಿಗಳು ಅಲ್ಲಾಡದೆ ನಿಂತಿದ್ದವು. "ಅಣ್ಣ, ಹೇಗಾದ್ರೂ ಹೋಗಿ" ಎಂದೆ. ಡ್ರೈವರ್ ನನ್ನ ಮುಖ ನೋಡಿ ಆಟೋವನ್ನು ಒಳರಸ್ತೆಗೆ ತಿರುಗಿಸಿದ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಮೇಲಿನ ರೂಮಿನ ಬಸವರಾಜ ಇಳಿದು ಬಂದಿದ್ದ. ಬಾಗಲಕೋಟೆ ಕಡೆಯ ಹುಡುಗ, ವೆಲ್ಡಿಂಗ್ ಕೆಲಸ, ಆ ವಾರ ಸೆಕೆಂಡ್ ಶಿಫ್ಟ್.

"ಕಿಡಕಿ ಗಾಜು ಒಡದ್ರ ಚಿಲಕಕ್ಕ ಕೈ ಸಿಗತೈತ್ರಿ ಅಮ್ಮಾರ, ಒಡೀಲೇನ್ರಿ?"

ಗೋಡೆಗೆ ಒಂದು ಮೊಳೆ ಹೊಡೆದರೆ ಮೂರು ದಿನ ಮಾತು ಬಿಡುವ ನಂಜಮ್ಮ ಕಿರುಚಿದರು: "ಒಡಿಯೋ! ನನ್ ಮನೆ ಗಾಜು, ನಾನೇ ಯೋಳ್ತಾ ಇವ್ನಿ, ಒಡಿಯೋ!"

ಗಾಜು ಬೀಳುವ ಸದ್ದನ್ನು ನಾನು ಆಟೋದಲ್ಲಿ ಕೂತು ಕೇಳಿದೆ. ಆಮೇಲೆ ಚಿಲಕ ಎಳೆದ ಸದ್ದು, ಒಳಗೆ ಓಡಿದ ಹೆಜ್ಜೆಗಳ ಸದ್ದು. ಅಷ್ಟು ಹೊತ್ತು ನಾನು ಯಾವ ದೇವರನ್ನೂ ನೆನೆಯಲಿಲ್ಲ. ಮೇಜಿನ ಕೆಳಗೆ ನನ್ನ ಕಾಲನ್ನು ಒತ್ತಿದ ಆ ಕಾಲು ಮಾತ್ರ ನೆನಪಾಗುತ್ತಿತ್ತು.

"ಅಕ್ಕಾ" ಎಂದ ಬಸವರಾಜ. "ಉಸುರಾಡಾಕತ್ತಾರ. ಆದ್ರ ಮೈ ಥಣ್ಣಗ ಆಗೈತಿ. ಹಾಸಿಗ್ಯಾಗ ವಾಂತಿ ಮಾಡ್ಕೊಂಡಾರ. ಕಣ್ಣು ತಗೀವಲ್ರು."

"ಎತ್ಕೊಂಡು ಮೇನ್ ರೋಡಿನ ನರ್ಸಿಂಗ್ ಹೋಮಿಗೆ ಬಾ. ದೇವರ ಗೂಡಿನ ಕೆಳಗೆ ಕೆಂಪು ಮುಚ್ಚಳದ ಡಬ್ಬಿಲಿ ಇಂಜೆಕ್ಷನ್ ಇದೆ. ಅದನ್ನ ಮರೀಬೇಡ. ಪರ್ಸ್ ಕೂಡ."

"ತಗೊಂಡೆ ಅಕ್ಕಾ. ನೀವು ಬರ್ರಿ."

ನಾನು ತಲುಪಿದಾಗ ಲೋಕೇಶ್ ಸ್ಟ್ರೆಚರಿನ ಮೇಲಿದ್ದರು. ಅದೇ ಸ್ವೆಟರ್. ತುಟಿಗೆ ಬಣ್ಣವೇ ಇರಲಿಲ್ಲ. ಡ್ಯೂಟಿ ಡಾಕ್ಟರ್ ತೀರ ಚಿಕ್ಕ ವಯಸ್ಸಿನವರು. ಬಿಪಿ ಪಟ್ಟಿಯನ್ನು ಎರಡನೇ ಸಲ ಸುತ್ತುತ್ತಿದ್ದರು. ಮೊದಲನೇ ಸಲ ಬಂದದ್ದನ್ನು ಅವರು ನಂಬಿರಲಿಲ್ಲ.

"ಶುಗರ್ ಇದ್ಯಾ ಮೇಡಂ? ಡ್ರಿಂಕ್ಸ್ ಮಾಡ್ತಾರಾ?"

"ಇಲ್ಲ ಸಾರ್. ಪಿಟ್ಯುಟರಿ ಆಪರೇಷನ್ ಆಗಿದೆ. ಸ್ಟೀರಾಯ್ಡ್ ಮೇಲೆ ಬದುಕಿರೋದು. ನಿನ್ನೆ ರಾತ್ರಿಯಿಂದ ಒಳಗೆ ಹೋಗಿಲ್ಲ. ಈ ಇಂಜೆಕ್ಷನ್ ಕೊಡಿ."

"ಸುಮ್ನೆ ಸ್ಟೀರಾಯ್ಡ್ ಎಲ್ಲ ಹಾಗೆ ಕೊಡಕ್ಕಾಗಲ್ಲ. ಡ್ರಿಪ್ ಹಾಕ್ತೀವಿ, ಸೀನಿಯರ್ ಬರ್ತಾರೆ, ಇಪ್ಪತ್ತು ನಿಮಿಷ..."

"ಇಪ್ಪತ್ತು ನಿಮಿಷ ಇರಲ್ಲ ಸಾರ್ ಇವರು!"

ನನ್ನ ದನಿ ಆ ಕೋಣೆಯಲ್ಲಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಕೂತಿದ್ದವರು ಎದ್ದು ನಿಂತರು. ಬಸವರಾಜ ಪರ್ಸಿನಿಂದ ಕಾರ್ಡ್ ತೆಗೆದು ಚಾಚಿದ. ಅವನ ಅಂಗೈ ಗಾಜು ತಾಗಿ ಸೀಳಿತ್ತು, ಕಾರ್ಡಿನ ಮೇಲೆಲ್ಲ ರಕ್ತ. ವಯಸ್ಸಾದ ಸಿಸ್ಟರ್ ಒಬ್ಬರು ಅದನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಓದಿದರು. ಡಾಕ್ಟರ ಕಡೆ ನೋಡದೆಯೇ ಸೀಸೆಯ ಮುಚ್ಚಳ ತೆಗೆಯತೊಡಗಿದರು. "ಬರೆದು ಕೊಟ್ಟಿದಾರಲ್ಲ ಡಾಕ್ಟ್ರೇ, ಸೀಲ್ ಇದೆ, ಫೋನ್ ನಂಬರ್ ಇದೆ. ನೀವು ಅವರ ಹತ್ರ ಮಾತಾಡ್ತಾ ಇರಿ, ನಾನು ಲೋಡ್ ಮಾಡ್ಕೋತೀನಿ."

ಆ ಎಳೆಯ ಡಾಕ್ಟರನ್ನು ನಾನು ದೂರುವುದಿಲ್ಲ. ಫೋನಿನಲ್ಲಿ ಎರಡು ಮಾತು ಕೇಳಿಸಿಕೊಂಡದ್ದೇ ಸಿರಿಂಜ್ ತೆಗೆದುಕೊಂಡು ತಾವೇ ಕೊಟ್ಟರು. ಮುಂದಿನ ಒಂದು ಗಂಟೆ ಪಕ್ಕದಿಂದ ಕದಲಲಿಲ್ಲ. ಡ್ರಿಪ್ಪಿನ ಬಾಟಲಿ ಬದಲಾಯಿತು, ಮತ್ತೊಂದು ಬಂತು. ನಾನು ಲೋಕೇಶರ ಕಾಲಿನ ಹೆಬ್ಬೆರಳು ಹಿಡಿದು ನಿಂತಿದ್ದೆ, ಅದೊಂದೇ ಯಾರ ಕೈಗೂ ಅಡ್ಡವಾಗದ ಜಾಗ. ಮಂಜುಗಡ್ಡೆಯಂತಿತ್ತು. ಅದು ಸ್ವಲ್ಪ ಬೆಚ್ಚಗಾಯಿತು ಎಂದು ನನಗನ್ನಿಸಿದಾಗ ನಂಬಲಿಲ್ಲ. ಮತ್ತೆ ಒತ್ತಿ ನೋಡಿದೆ. ಕಾಲು ಎಳೆದುಕೊಂಡರು.

ಎರಡೂವರೆಗೆ ಕಣ್ಣು ಬಿಟ್ಟು ಅವರು ಹೇಳಿದ ಮೊದಲ ಮಾತು, "ನೀರು ಬಂತಾ?"

ಮೂರು ದಿನದ ಮೇಲೆ ಹಾರ್ಮೋನಿನ ಡಾಕ್ಟರ ಮುಂದೆ ಕೂತೆವು. ಈ ಸಲ ಅವರು ಕೇಳುವ ಮೊದಲೇ ನಾನು ಹೇಳಿದೆ. ಜನರಲ್ ಶಿಫ್ಟ್ ಅಂದದ್ದು ಸುಳ್ಳು. ಚಾರ್ಟ್ ನನ್ನದು. ಅವತ್ತು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅವರು ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅವತ್ತೇ ಹೇಳಿದ್ರೆ ಬೇರೆ ಥರ ಬರೆದುಕೊಡ್ತಿದ್ದೆ ಕಣಮ್ಮ. ನಿಮ್ಮನೇಲಿ ಬೆಳಗಾಗೋದು ಎಷ್ಟು ಗಂಟೆಗೆ ಅಂತ ನಂಗೇನು ಗೊತ್ತಾಗ್ಬೇಕು?" ಆಮೇಲೆ ಫೈಲು ತಿರುವಿ, "ನಾನೂ ಇನ್ನೊಂದ್ಸಲ ಕೇಳ್ಬೇಕಿತ್ತು. ಪೀಣ್ಯದ ಕಾರ್ಖಾನೆ ಅಂತ ಫಾರಂನಲ್ಲೇ ಇತ್ತು" ಎಂದರು. ರಾತ್ರಿ ಪಾಳಿ ಬೇಡ ಎಂದು ಪತ್ರ ಬರೆದರು.

ಕಾರ್ಖಾನೆ ಪತ್ರವನ್ನು ಒಪ್ಪಿತು, ಆದರೆ ಸೆಟ್ಟರ್ ಕೆಲಸ ಬೇರೆಯವರಿಗೆ ಹೋಯಿತು. ಲೋಕೇಶ್ ಈಗ ಟೂಲ್ ರೂಮಿನಲ್ಲಿ ಅಳತೆಯ ಗೇಜು, ಡ್ರಿಲ್ ಬಿಟ್‌ಗಳನ್ನು ಕೊಟ್ಟು ಪಡೆಯುವ ಕಿಟಕಿಯ ಹಿಂದೆ ಕೂರುತ್ತಾರೆ. ಫಸ್ಟ್, ಸೆಕೆಂಡ್ ಶಿಫ್ಟ್ ಮಾತ್ರ. "ಮೊನ್ನೆ ಸೇರಿದೋನು ನಂಗೆ ಕಿಟಕಿಯಿಂದ ಕೈ ಚಾಚ್ತಾನೆ" ಎಂದು ಒಂದೊಂದು ದಿನ ಊಟ ಬಿಟ್ಟು ಏಳುತ್ತಾರೆ. ಎಲ್ಲ ಸರಿಹೋಯಿತು ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಸಿಟ್ಟು ಇದೆ. ಕೆಲವು ವಾರ ನಿದ್ದೆ ಬರುತ್ತದೆ, ಕೆಲವು ವಾರ ಇಲ್ಲ. ಚಿನ್ಮಯಿ ಈಗಲೂ ಪೆನ್ಸಿಲ್ ಬೀಳಿಸಿದರೆ ಮೊದಲು ಅಪ್ಪನ ಮುಖ ನೋಡುತ್ತಾಳೆ. ಅವರು ಅದನ್ನು ಗಮನಿಸುತ್ತಾರೆ. ಬಗ್ಗಿ ತಾವೇ ಎತ್ತಿಕೊಡುತ್ತಾರೆ.

ನಿದ್ದೆ ಕಳೆದುಕೊಂಡವಳು ಈಗ ನಾನು. ಅವರು ಅಲ್ಲಾಡದೆ ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. "ಬದುಕಿದ್ದೀನಿ ಕಣೆ, ಮಲಕ್ಕೋ" ಎನ್ನುತ್ತಾರೆ ಕಣ್ಣು ಬಿಡದೆ.

ಗಾಜು ಹಾಕಿಸಿದ್ದು ನಂಜಮ್ಮನೇ. ನಮ್ಮನ್ನು ಕೇಳಲಿಲ್ಲ. ಬಸವರಾಜನ ಅಂಗೈಗೆ ಐದು ಹೊಲಿಗೆ ಬಿದ್ದಿತ್ತು. ಅಷ್ಟೂ ದಿನ ಅವನ ರೊಟ್ಟಿಯನ್ನು ನಾನೇ ಬಡಿದೆ. ಅವು ರೊಟ್ಟಿಯೇ ಅಲ್ಲ ಎಂದು ಅವನು ಹಲ್ಲು ಕಿರಿದ. "ತಿಂತೀನ್ರಿ ಅಕ್ಕಾ, ಆದ್ರ ನಮ್ಮವ್ವಗ ಹೇಳಬ್ಯಾಡ್ರಿ."

ಬಾಗಿಲಿಗೆ ಈಗ ಬೇರೆ ಬೋರ್ಡ್ ಇದೆ. ಅದೇ ರಟ್ಟಿನ ಇನ್ನೊಂದು ಬದಿ, ಬರೆದವಳು ಚಿನ್ಮಯಿ. "ಸೆಕೆಂಡ್ ಶಿಫ್ಟ್. ಹತ್ತು ಗಂಟೆಗೆ ಜೋರಾಗಿ ತಟ್ಟಿ." ಪಕ್ಕದಲ್ಲಿ ಒಂದು ಕೈಯ ಚಿತ್ರ, ಆರು ಬೆರಳಿನದು. ಸೆಕೆಂಡ್ ಶಿಫ್ಟಿನ ವಾರ ಲೋಕೇಶ್ ತಡವಾಗಿ ಮಲಗಿ ತಡವಾಗಿ ಏಳುತ್ತಾರೆ, ನಾನು ಅಷ್ಟರಲ್ಲಿ ಹೊರಟಿರುತ್ತೇನೆ. ಚಿಲಕ ಈಗ ಹಾಕುವುದಿಲ್ಲ. ಬೀಗದ ಇನ್ನೊಂದು ಕೀ ನಂಜಮ್ಮನ ಸೊಂಟದಲ್ಲಿರುತ್ತದೆ. ಹತ್ತು ಗಂಟೆಗೆ ಸರಿಯಾಗಿ ಅವರು ಗೇಟಿನ ಕುರ್ಚಿಯಿಂದ ಎದ್ದು, ಲಟ್ಟಣಿಗೆ ಹಿಡಿದು ಬಂದು ಕದ ಬಡಿಯುತ್ತಾರೆ. ಇಡೀ ಬಿಲ್ಡಿಂಗಿನಲ್ಲಿ ಹಗಲು ಸದ್ದು ಮಾಡುವ ಹಕ್ಕು ಇರುವುದು ಆ ಲಟ್ಟಣಿಗೆಗೆ ಮಾತ್ರ.

ಲ್ಯಾಬಿನಲ್ಲಿ ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಾನು ಕೈ ಒರೆಸಿಕೊಂಡು ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಳ್ಳುತ್ತೇನೆ. ಆ ಐದು ನಿಮಿಷ ಯಾರು ಏನು ಕೇಳಿದರೂ ನನಗೆ ಕೇಳಿಸುವುದಿಲ್ಲ. ಹತ್ತಾಗುತ್ತದೆ. ಹತ್ತು ದಾಟಿ ಒಂದು. ಎರಡು. ಫೋನ್ ಹೊಡೆದುಕೊಳ್ಳುತ್ತದೆ.

"ಬಯ್ದ ಕಣವ್ವ" ಎನ್ನುತ್ತಾರೆ ನಂಜಮ್ಮ. "'ಓಗಜ್ಜಿ ಅತ್ಲಾಗೆ' ಅಂತ ಬಾಯಿಗ್ ಬಂದಂಗೆ ಬಯ್ದ."

ನಾನು ಫೋನ್ ಇಟ್ಟು ಪಿಪೆಟ್ ಎತ್ತಿಕೊಳ್ಳುತ್ತೇನೆ.